ಆಸ್ಪತ್ರೆ ಬರಲಿ, ರಸ್ತೆ ಯಾವ ಕಡೆಯಿಂದ?

(ಜಾಗ, ರಸ್ತೆ, ಕಟ್ಟಡದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರ್ ಒಬ್ಬರ ಉತ್ತರ)

ಪ್ರಶ್ನೆ: ಸಾರ್, ನಮ್ಮೂರಿನ ಮೇಲಿನ ಗುಡ್ಡದಲ್ಲಿ ಒಂದು ಖಾಸಗಿ ಆಸ್ಪತ್ರೆ ಬರ್ತಾ ಇದೆ. ಈಗ ಅಲ್ಲಿಗೆ ಇರುವುದು ಜೀಪು ದಾರಿ ಮಾತ್ರ. ಹೊಸ ರಸ್ತೆ ಮಾಡ್ತೀವಿ ಅಂತ ನಮ್ಮ ಗದ್ದೆಯ ಅಂಚಿನಿಂದ ಬಾಣೆ (ಗದ್ದೆಗೆ ಸೇರಿದ ಎತ್ತರದ ಜಾಗ) ಮೇಲೆ, ದೇವರಕಾಡಿನ ಪಕ್ಕದವರೆಗೂ ಗೂಟ ಹೊಡೆದು ಹೋಗಿದ್ದಾರೆ. ಯಾರಿಗೂ ನೋಟಿಸ್ ಇಲ್ಲ. ದೊಡ್ಡಪ್ಪನ ಮಗ ಯಾವುದೋ ಕಾಗದಕ್ಕೆ ಸಹಿ ಹಾಕಿದ್ದಾನಂತೆ. ನಾವು ಬೇಡ ಅಂದರೆ ‘ಆಸ್ಪತ್ರೆಗೇ ಅಡ್ಡಗಾಲು ಹಾಕ್ತೀರಲ್ಲ’ ಅಂತ ಊರಲ್ಲಿ ಬೈತಾರೆ. ಏನು ಮಾಡೋದು?
– ಹೆಸರು ಬೇಡ, ವಿರಾಜಪೇಟೆ ತಾಲೂಕು

ಉತ್ತರ: ಮೊದಲು ಒಂದು ಮಾತು. ಅರ್ಜಿಯಲ್ಲಿ ‘ರಸ್ತೆ ಬೇಡ’ ಅಂತ ಬರೆಯಬೇಡಿ. ‘ಈ ಲೈನ್ ಬೇಡ’, ಅಂದರೆ ರಸ್ತೆ ಹಾದುಹೋಗುವ ಈ ಜಾಡು ಬೇಡ, ಅಂತ ಬರೆಯಿರಿ. ರಸ್ತೆ ಬೇಡ ಅಂದವರ ಅರ್ಜಿಯನ್ನು ಮಡಚಿಡುವುದು ಸುಲಭ. ಲೈನ್ ಬದಲಿಸಿ ಅಂದವರಿಗೆ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು, ಈ ರಸ್ತೆ ಯಾರದು? ಅದನ್ನು ಬರಹದಲ್ಲಿ ಕೇಳಿ. ಆಸ್ಪತ್ರೆಯವರು ತಮ್ಮ ಗೇಟಿಗೆ ತಾವೇ ಮಾಡಿಕೊಳ್ಳುವ ದಾರಿಯಾದರೆ ಅವರು ನಿಮ್ಮಿಂದ ಜಾಗ ಕೊಳ್ಳಬೇಕು, ಅಷ್ಟೇ. ನಿಮಗೆ ಮನಸ್ಸಿದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮೂಲಸೌಕರ್ಯ ಯೋಜನೆಗಳ ಪಟ್ಟಿಯಿಂದ ಖಾಸಗಿ ಆಸ್ಪತ್ರೆಗಳನ್ನು ಹೆಸರು ಹೇಳಿಯೇ ಹೊರಗಿಟ್ಟಿದ್ದಾರೆ. ಸರ್ಕಾರವೇ ಸಾರ್ವಜನಿಕ ರಸ್ತೆ ಅಂತ ಮಾಡುವುದಾದರೆ ಮಾತು ಬೇರೆ. ಆಗ ಅಧಿಸೂಚನೆ ಹೊರಡಬೇಕು, ಪತ್ರಿಕೆಯಲ್ಲಿ ಬರಬೇಕು, ಪಂಚಾಯಿತಿಯಲ್ಲಿ ಹಚ್ಚಬೇಕು. ಅಲ್ಲಿಂದ 60 ದಿನದೊಳಗೆ ನೀವು ಆಕ್ಷೇಪಣೆ ಕೊಡಬಹುದು. ನಿಮ್ಮ ಮಾತನ್ನೂ ಕೇಳಬೇಕು. ಇದ್ಯಾವುದೂ ಆಗದೆ ಹೊಡೆದ ಗೂಟಕ್ಕೆ ಬೆಲೆ ಇಲ್ಲ. ಆದರೆ ಸಿಟ್ಟಿನಲ್ಲಿ ಅದನ್ನು ಕಿತ್ತು ಎಸೆಯಬೇಡಿ. ನಿಮಗೆ ಅದು ಬೇಕಾಗುತ್ತದೆ, ಮುಂದೆ ಹೇಳ್ತೀನಿ.

ದೊಡ್ಡಪ್ಪನ ಮಗನ ಸಹಿ ವಿಚಾರ. ನಿಮ್ಮ ಬಾಣೆ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಆಗಿದ್ದರೆ ಆರ್‌ಟಿಸಿಯಲ್ಲಿ ಪಟ್ಟೇದಾರನ, ಅಂದರೆ ಮನೆತನದ ಹಿರಿಯನ, ಹೆಸರು ಮೇಲಿರಬಹುದು, ಆದರೆ ಹಕ್ಕು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಒಬ್ಬನ ಸಹಿಯಿಂದ ಉಳಿದವರ ಪಾಲು ಹೋಗುವುದಿಲ್ಲ. ಬೆಂಗಳೂರಲ್ಲಿ ಇರುವವರು, ದುಬೈಯಲ್ಲಿ ಇರುವವರು, ಮದುವೆಯಾಗಿ ಹೋದ ಅಕ್ಕತಂಗಿಯರಿದ್ದರೆ ಅವರೂ, ಎಲ್ಲರ ಹೆಸರಲ್ಲೂ ಒಂದೇ ಆಕ್ಷೇಪಣೆ ಕೊಡಿ. ಅವನು ಸಹಿ ಹಾಕಿದ ಕಾಗದದ ಪ್ರತಿ ಮೊದಲು ತರಿಸಿ ಓದಿ. ಬೈಯುವುದೆಲ್ಲ ಆಮೇಲೆ. ಎಷ್ಟೋ ಸಲ ಅದು ಸುಮ್ನೆ ‘ಸರ್ವೆಗೆ ಅಭ್ಯಂತರವಿಲ್ಲ’ ಅನ್ನುವ ಕಾಗದ ಆಗಿರುತ್ತದೆ.

ದೇವರಕಾಡು ದಾಖಲೆಯಲ್ಲಿ ಅರಣ್ಯ ಅಂತಿದ್ದರೆ ಅದರೊಳಗೆ ಒಂದಡಿ ರಸ್ತೆಗೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಹಾಗಾಗಿಯೇ ‘ಪಕ್ಕದಲ್ಲಿ’ ಲೈನ್ ಎಳೆದಿರುತ್ತಾರೆ. ಗಡಿ ಕಲ್ಲು ಎಲ್ಲಿದೆ ಅಂತ ಅರಣ್ಯ ಇಲಾಖೆಯವರ ಜತೆ ಜಂಟಿ ಸರ್ವೆಗೆ ಕೇಳಿ.

ಈಗ ನನಗೆ ಗೊತ್ತಿರುವ ಕೆಲಸಕ್ಕೆ ಬರ್ತೀನಿ. ಕಾನೂನಿಗಿಂತ ನಿಮ್ಮ ಗಟ್ಟಿ ವಾದ ಇರುವುದು ನೀರಿನಲ್ಲಿ. ನಮ್ಮಲ್ಲಿ ಸರ್ವೆ ನಡೆಯುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚಲ್ಲಿ. ಆಗ ನೆಲ ಒಣಗಿರುತ್ತದೆ, ಎಲ್ಲಾ ಚೆನ್ನಾಗೇ ಕಾಣುತ್ತದೆ. ನೀವು ಜುಲೈನಲ್ಲಿ ಜೋರು ಮಳೆ ಹಿಡಿದ ದಿನ ಕೊಡೆ ಹಿಡಿದು ಆ ಗೂಟಗಳ ಸಾಲಿನ ಮೇಲೆಯೇ ನಡೆಯಿರಿ. ಜಿಗಣೆಗೆ ಹೆದರಬೇಡಿ. ನೀರು ಎಲ್ಲೆಲ್ಲಿ ಲೈನನ್ನು ದಾಟುತ್ತದೆ, ಎಲ್ಲಿ ಒರತೆ ಇದೆ, ಎಲ್ಲಿ ಕಾಲು ಹೂಳುತ್ತದೆ ಅಂತ ಗೂಟದ ನಂಬರ್ ಸಮೇತ ಬರೆದು ಫೋಟೋ ತೆಗೆಯಿರಿ. ಅಷ್ಟೂ ಕಡೆ ಮೋರಿ ಬೇಕು. ಅವರ ನಕ್ಷೆಯಲ್ಲಿ ಎಷ್ಟು ಮೋರಿ ಇದೆ ನೋಡಿ. ಬಾಣೆ ಇಳಿದು ಗದ್ದೆ ಸೇರುವ ಜಾಗ ಇದೆಯಲ್ಲ, ಅಲ್ಲಿ ಮಳೆ ನಿಂತ ಮೇಲೂ ಮಣ್ಣಿನೊಳಗಿಂದ ನೀರು ಜಿನುಗುತ್ತಿರುತ್ತದೆ. ಅದೇ ಜಾಗದಲ್ಲಿ ಜೆಸಿಬಿ ತಂದು ಗೋಡೆ ಹಾಗೆ ನೆಟ್ಟಗೆ ಬರೆ (ಗುಡ್ಡದ ಮಗ್ಗುಲು) ಕಡಿದರೆ ಮೇಲಿನ ತೋಟ ಕೆಳಗೆ ಬರುತ್ತದೆ. ನೀರು ಹೊರಗೆ ಬರಲು ತೂತು ಬಿಡದೆ ಕಟ್ಟಿದ ತಡೆಗೋಡೆ ಎರಡೇ ಮಳೆಗಾಲಕ್ಕೆ ಹೊಟ್ಟೆ ಬಿಡುತ್ತದೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಯಾರೂ ಮರೆತಿಲ್ಲ ಅಲ್ವಾ? ಆ ಕುಸಿತಗಳ ಬಳಿಕ ಭೂವಿಜ್ಞಾನಿಗಳೂ ಬೆರಳು ತೋರಿಸಿದ್ದು ರಸ್ತೆಗೆ, ಮನೆಗೆ ಅಂತ ಗುಡ್ಡ ಕಡಿದದ್ದರ ಕಡೆಗೇ.

ಇನ್ನೊಂದು, ಅಗಲ. ಎರಡು ಲೇನ್ ಅಂದರೆ ಡಾಂಬರೇ 7 ಮೀಟರ್. ಆಮೇಲೆ ಚರಂಡಿ, ಅಂಚು, ಬರೆಯ ಇಳಿಜಾರು. ಒಟ್ಟು ಎಷ್ಟು ಜಾಗ ನುಂಗುತ್ತದೆ ಅಂತ ಲೆಕ್ಕ ಹಾಕಿ. ಒಂದೂವರೆ ಲೇನ್, ಅಂದರೆ 5.5 ಮೀಟರ್ ಇದ್ದರೆ ಆಂಬುಲೆನ್ಸೂ ಎದುರಿಂದ ಬರುವ ಕಾರೂ ನಿಧಾನಕ್ಕೆ ದಾಟಿಕೊಳ್ಳುತ್ತವೆ. ಈಗಿರುವ ಜೀಪು ದಾರಿಯನ್ನೇ ಅಷ್ಟು ಅಗಲ ಮಾಡಿ, ತಿರುವುಗಳಲ್ಲಿ ಇನ್ನಷ್ಟು ಬಿಡಿಸಿ ಅಂತ ನೀವೇ ಒಂದು ನಕ್ಷೆ ಕೊಡಿ. ‘ಅದು ಸುತ್ತು ಬಳಸು’ ಅಂತಾರೆ. ಇರಲಿ. ಒಂದೆರಡು ನಿಮಿಷ ಜಾಸ್ತಿ ಹಿಡಿಯುವ, ಮಳೆಗಾಲದಲ್ಲೂ ತೆರೆದಿರುವ ರಸ್ತೆಯೇ ಆಸ್ಪತ್ರೆಗೆ ಬೇಕಾದದ್ದು.

ಪ್ರಶ್ನೆ: ನಮ್ಮ ಅತ್ತೆಗೆ ಹೃದಯದ ತೊಂದರೆಯಾದಾಗ ರಾತ್ರೋರಾತ್ರಿ ಮೈಸೂರಿಗೆ ಓಡಿದೆವು. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಬರುವಾಗ ನಾಲ್ಕು ಕಾಫಿ ಗಿಡಕ್ಕೋಸ್ಕರ ರಸ್ತೆ ತಡೆಯುವವರನ್ನು ಕಂಡರೆ ಮೈ ಉರಿಯುತ್ತದೆ. ನಾನು ಹೇಳುವುದು ತಪ್ಪಾ?
– ಓದುಗರು, ಸುಂಟಿಕೊಪ್ಪ

ಉತ್ತರ: ತಪ್ಪಲ್ಲಮ್ಮ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ರೈಲು ಇಲ್ಲ. 2016ರಲ್ಲಿ ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ಆದರೂ 2019ರಲ್ಲಿ ಕೊಡಗಿನ ಹುಡುಗರು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್ ತುಂಬಾ ಕೂಗಬೇಕಾಯಿತು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಆದರೆ ‘ನಾಲ್ಕು ಕಾಫಿ ಗಿಡ’ ಅನ್ನಬೇಡಿ. ಮೂರು ಎಕರೆ ಇರುವವರ ತೋಟದ ನಡುವೆ ರಸ್ತೆ ಹಾಯ್ದರೆ ತೋಟ ಎರಡು ತುಂಡಾಗುತ್ತದೆ. ಸಿಲ್ವರ್ ಓಕ್ ಉರುಳುತ್ತದೆ, ಅದಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಹೋಗುತ್ತದೆ, ಸ್ಪ್ರಿಂಕ್ಲರ್ ಪೈಪು ಆಚೆಗೆ ದಾಟುವುದಿಲ್ಲ. ನಿಮಗೆ ನಿಜವಾಗಿ ಆಸ್ಪತ್ರೆ ಬೇಗ ಬೇಕು ಅಂತಿದ್ದರೆ ಮುಂದಿನ ಗ್ರಾಮಸಭೆಗೆ ಹೋಗಿ, ಲೈನ್ ಬದಲಿಸಿ ಅನ್ನುವವರ ಪಕ್ಕದಲ್ಲೇ ಕೂತು ನಿಮ್ಮ ಅತ್ತೆಯ ಕಥೆ ಹೇಳಿ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ. ಬೇರೆ ಲೈನಿನ ಸರ್ವೆಗೆ ಅಷ್ಟೆಲ್ಲ ಬೇಡ.

ಪ್ರಶ್ನೆ: ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ದಂಡ ಇದೆಯಾ?
– ಜೀಪು ಚಾಲಕ, ಕುಶಾಲನಗರ

ಉತ್ತರ: ಇದೆ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಘಾಟಿಯಲ್ಲಿ ಸೈರನ್ ಕೇಳಿದ ಕೂಡಲೇ ಗಾಬರಿಯಾಗಿ ಚರಂಡಿಗೆ ಇಳಿಸಬೇಡಿ. ಅಗಲ ಇರುವ ಜಾಗ ಸಿಗುವವರೆಗೆ ಇಂಡಿಕೇಟರ್ ಹಾಕಿಕೊಂಡು ಮುಂದೆ ಹೋಗಿ, ಅಲ್ಲಿ ಬದಿಗೆ ನಿಲ್ಲಿಸಿ.