ನನ್ನ ಪುಸ್ತಕ, ನನ್ನದೇ ಪ್ರಕಾಶನ

ಪ್ರಶ್ನೆ: ಮೂವರು ಪ್ರಕಾಶಕರು ನನ್ನ ಕಾದಂಬರಿಯನ್ನು ಹಿಂದಿರುಗಿಸಿದ್ದಾರೆ. ನಾನೇ ಪ್ರಕಟಿಸಿದರೆ ಜನ ಹಗುರವಾಗಿ ಕಾಣುವುದಿಲ್ಲವೇ? ಎಷ್ಟು ಪ್ರತಿ ಅಚ್ಚು ಹಾಕಿಸಲಿ?

ಉತ್ತರ: ಕಾಣುವವರು ಕಾಣಲಿ ಬಿಡಿ. 1913ರಲ್ಲಿ ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ತನ್ನ ಮಹಾಕಾದಂಬರಿಯ ಮೊದಲ ಸಂಪುಟವನ್ನು ಕೈಯಿಂದ ದುಡ್ಡು ಹಾಕಿಯೇ ಅಚ್ಚು ಹಾಕಿಸಿದ. ಅದನ್ನು ತಿರಸ್ಕರಿಸಿದ್ದ ಪ್ರಕಾಶಕರೇ ಆಮೇಲೆ ಅವನ ಬೆನ್ನು ಹತ್ತಿದರು.

ಪ್ರತಿಗಳ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಮೊದಲ ಕವನ ಸಂಕಲನವನ್ನು ಹುಮ್ಮಸ್ಸಿನಲ್ಲಿ ಸಾವಿರ ಪ್ರತಿ ಹಾಕಿಸಿದೆ. ಪುಸ್ತಕದ ಬೆನ್ನಿಗೆ ಹೆಸರು ಹಾಕಿಸುವುದನ್ನೇ ಮರೆತಿದ್ದೆ. ಕಪಾಟಿನಲ್ಲಿ ನಿಲ್ಲಿಸಿದರೆ ನನಗೇ ಸಿಗುತ್ತಿರಲಿಲ್ಲ. ಮುಕ್ಕಾಲು ಪಾಲು ಕಟ್ಟುಗಳು ವರ್ಷಗಟ್ಟಲೆ ಮಂಚದ ಕೆಳಗಿದ್ದವು. ಈಗ ಆ ಫಜೀತಿ ಇಲ್ಲ. ಬೇಡಿಕೆಗೆ ತಕ್ಕ ಮುದ್ರಣದಲ್ಲಿ ಒಬ್ಬರು ಕೊಂಡರೆ ಒಂದೇ ಪ್ರತಿ ಅಚ್ಚಾಗುತ್ತದೆ. ಬಿಡಿ ಪ್ರತಿಯ ಖರ್ಚು ಹೆಚ್ಚು, ಆದರೆ ದಾಸ್ತಾನಿನ ತಲೆನೋವಿಲ್ಲ. ಇ–ಪುಸ್ತಕವಾದರೆ ಅಚ್ಚೂ ಬೇಡ.

‘ಹಣ ಕೊಡಿ, ನಿಮ್ಮನ್ನು ಪ್ರಸಿದ್ಧರನ್ನಾಗಿ ಮಾಡುತ್ತೇವೆ’ ಎನ್ನುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಕರಾರಿನಲ್ಲಿ ಹಕ್ಕು ಯಾರದೆಂದು ಓದಿ ನೋಡಿ. ಪುಸ್ತಕದ ಗುರುತಿನ ಸಂಖ್ಯೆಯಾದ 13 ಅಂಕಿಗಳ ಐಎಸ್‌ಬಿಎನ್ ಸಾಧ್ಯವಾದರೆ ನಿಮ್ಮ ಹೆಸರಿನಲ್ಲೇ ಇರಲಿ.

ಅಚ್ಚಿನಲ್ಲಿ ಉಳಿಸಿದ ಹಣವನ್ನು ಕರಡು ತಿದ್ದುವವರಿಗೆ ಕೊಡಿ. ಸ್ವಂತ ಬರಹದ ತಪ್ಪು ಸ್ವಂತ ಕಣ್ಣಿಗೆ ಬೀಳುವುದಿಲ್ಲ. ನನ್ನ ಎರಡನೆಯ ಸಂಕಲನದ ಕರಡನ್ನು ನಾನೇ ನಾಲ್ಕು ಸಲ ಓದಿದ್ದೆ. ಅಚ್ಚಾಗಿ ಬಂದ ಮೇಲೆ ಹಿಂಬದಿಯಲ್ಲಿ ನನ್ನ ಭಾವಚಿತ್ರ, ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ‘ಕಪಿ ಪರಿಚಯ’.