ನಾಲ್ಕು ಟೈರ್‌ಗೆ ಹಣ ಸಾಲದಿದ್ದಾಗ

ಪ್ರಶ್ನೆ: ನಮ್ಮ 2016ರ ಸ್ವಿಫ್ಟ್ ಕಾರಿನಲ್ಲಿ ಗುಬ್ಬಿಯಿಂದ ತುಮಕೂರಿಗೆ ವಾರಕ್ಕೆರಡು ಬಾರಿ, ಬೆಂಗಳೂರಿಗೆ ತಿಂಗಳಿಗೊಮ್ಮೆ ಹೋಗಿಬರುತ್ತೇವೆ. ಮುಂದಿನ ಎರಡೂ ಟೈರ್‌ಗಳು ಒಳಅಂಚಿನಲ್ಲಿ ನುಣ್ಣಗಾಗಿವೆ; ಹಿಂದಿನವುಗಳಲ್ಲಿ ಬಟನ್ (ರಸ್ತೆಗೆ ತಾಗುವ ಉಬ್ಬುಗಳು) ಅರ್ಧದಷ್ಟಿದೆ. ನಾಲ್ಕನ್ನೂ ಬದಲಿಸುವ ಶಕ್ತಿ ಈಗಿಲ್ಲ. ಅಂಗಡಿಯವರೊಬ್ಬರು ಅರ್ಧ ಬೆಲೆಗೆ ಬಳಸಿದ ಟೈರ್ ಕೊಡುವುದಾಗಿ ಹೇಳುತ್ತಿದ್ದಾರೆ. ಕೊಳ್ಳಬಹುದೆ?
– ಓದುಗರೊಬ್ಬರು, ಗುಬ್ಬಿ

ಉತ್ತರ: ದಯವಿಟ್ಟು ಕೊಳ್ಳಬೇಡಿ. ಬಳಸಿದ ಟೈರ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಅದು ಹಿಂದೆ ಗುಂಡಿಗೆ ಬಿದ್ದು ಒಳಪದರ ಹರಿದಿದೆಯೇ, ಗಾಳಿಯಿಲ್ಲದೆ ಓಡಿದೆಯೇ ಎಂಬುದು ಚಕ್ರದ ಡಿಸ್ಕ್‌ಗೆ (ರಿಮ್‌ಗೆ) ಹಾಕಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಹೆದ್ದಾರಿಯ ವೇಗದಲ್ಲಿ ಹೋಗುವ ಕುಟುಂಬದ ಕಾರಿಗೆ ಅಂಥ ಉಳಿತಾಯ ಬೇಡ. ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ಎರಡೇ ಹೊಸ ಟೈರ್ ಕೊಳ್ಳಿ.

ಆ ಎರಡನ್ನು ಹಿಂದಕ್ಕೆ ಹಾಕಿಸಿ, ಹಿಂದಿನವನ್ನು ಮುಂದಕ್ಕೆ ತನ್ನಿ. ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನಾದ್ದರಿಂದ ಹೊಸದು ಅಲ್ಲಿಗೇ ಬೇಕೆಂದು ಹಲವರು ವಾದಿಸುತ್ತಾರೆ. ಆದರೆ ಮಳೆ ನೀರಿನ ಮೇಲೆ ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗ್‌ನಲ್ಲೇ ತಿಳಿಯುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿತಕ್ಕೆ ತರುವುದು ನುರಿತವರಿಗೂ ಕಷ್ಟ.

ಅಳತೆಯನ್ನು ಚಾಲಕನ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ನೋಡಿ. ಉದಾಹರಣೆಗೆ 165/80 ಆರ್ 14 85 ಟಿ ಎಂದಿದ್ದರೆ ಕೊನೆಯ 85 ಎಂಬುದು ಒಂದು ಟೈರ್ 515 ಕೆ.ಜಿ. ಭಾರ ಹೊರಬಲ್ಲದೆಂದೂ, ಟಿ ಎಂಬುದು ಗಂಟೆಗೆ 190 ಕಿ.ಮೀ. ವೇಗದ ಮಿತಿಯೆಂದೂ ಸೂಚಿಸುತ್ತದೆ. ಇವೆರಡರಲ್ಲೂ ಕಡಿಮೆಯದನ್ನು ಒಪ್ಪಬೇಡಿ. ಟೈರ್‌ನ ಪಕ್ಕೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ: 2325 ಎಂದರೆ 2025ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಸಾಮಾನ್ಯವಾಗಿ ಇದು ಒಂದೇ ಪಕ್ಕೆಯಲ್ಲಿ ಇರುವುದರಿಂದ ಹಾಕಿಸುವ ಮೊದಲೇ ಓದಿಕೊಳ್ಳಿ. ಎರಡು ವರ್ಷ ಗೋದಾಮಿನಲ್ಲಿದ್ದ ಮಾಲನ್ನು ರಿಯಾಯಿತಿಯ ಹೆಸರಿನಲ್ಲಿ ಕೊಟ್ಟರೆ ಬೇಡವೆನ್ನಿ. ಮುಂದಕ್ಕೆ ಬರುವ ಹಳೆಯ ಜೋಡಿಯ ಅಂಕಿಗಳನ್ನೂ ನೋಡಿ. ಐದು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಪರೀಕ್ಷಿಸಿ, ಪಕ್ಕೆಯಲ್ಲಿ ಬಿರುಕು ಕಂಡರೆ ಬಟನ್ ಉಳಿದಿದ್ದರೂ ಬದಲಿಸಿ. ಬಟನ್‌ನ ಸಂದುಗಳಲ್ಲಿ ಉಗುರಿಗೆ ತಾಗುವ ಸಣ್ಣ ಅಡ್ಡದಿಂಡುಗಳಿರುತ್ತವೆ. ಮೇಲ್ಮೈ ಅವುಗಳ ಮಟ್ಟಕ್ಕೆ ಸವೆದರೆ ಉಳಿದಿರುವುದು 1.6 ಮಿ.ಮೀ. ಮಾತ್ರ.

ನಿಮ್ಮ ಮುಂದಿನ ಟೈರ್‌ಗಳ ಒಳಅಂಚು ಮಾತ್ರ ಸವೆದಿರುವುದು ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿರುವುದರ ಗುರುತು. ಅದನ್ನು ಸರಿಪಡಿಸದಿದ್ದರೆ ಮುಂದಕ್ಕೆ ಹಾಕುವ ಯಾವ ಟೈರೂ ಹೀಗೆಯೇ ಹಾಳಾಗುತ್ತದೆ, ಆದ್ದರಿಂದ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಇವುಗಳ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗಾಳಿಯ ಬದಲು ತುಂಬುವ ನೈಟ್ರೋಜನ್‌ಗೆ ಬೇರೆ ಹಣ ಕೊಡುವ ಅಗತ್ಯವಿಲ್ಲ. ನಾವು ತುಂಬಿಸುವ ಗಾಳಿಯಲ್ಲೇ ಅದು ಶೇ. 78ರಷ್ಟಿದೆ.

ಕಾರಿನ ಹೊಸ ಟೈರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ತುಮಕೂರಿನಲ್ಲಿ ಎರಡು ಮೂರು ಅಂಗಡಿ ವಿಚಾರಿಸುವಾಗ ತೆರಿಗೆ ಸೇರಿದ ಬೆಲೆಯನ್ನೇ ಕೇಳಿ, ವಾರಂಟಿಗೆ ಬೇಕಾಗುವ ಬಿಲ್ ಪಡೆಯಿರಿ.