ಗಟ್ಟಿ ಬೀಜ ತಿಂದರೆ ಕೊಕ್ಕು ದಪ್ಪವಾಗುತ್ತದಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲ. ತೋಟಕ್ಕೆ ಬರುವ ಸೂರಕ್ಕಿಯ ಕೊಕ್ಕು ಸಪೂರ, ಗಿಣಿಯದ್ದು ದಪ್ಪ. ಗಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿಗಳಿಗೆ ಗಟ್ಟಿ ಬೀಜ ತಿಂದು ತಿಂದು ಕೊಕ್ಕು ದಪ್ಪವಾಯಿತು ಅನ್ನುತ್ತಾಳೆ ಮಗಳು. ಹೌದಾ? ದಪ್ಪ ಕೊಕ್ಕೇ ಒಳ್ಳೆಯದಾ?

ಉತ್ತರ: ದಪ್ಪವಾದದ್ದು ನಿಜ. ಆದರೆ ತಿಂದು ತಿಂದು ಅಲ್ಲ. ಬೆಳೆದ ಹಕ್ಕಿ ಎಷ್ಟು ಬೀಜ ಒಡೆದರೂ ಅದರ ಕೊಕ್ಕು ದಪ್ಪವಾಗುವುದಿಲ್ಲ. ದೊಡ್ಡವರಲ್ಲೂ ಈ ತಪ್ಪು ತಿಳಿವಳಿಕೆ ಜಾಸ್ತಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಎಂಬ ಪುಟ್ಟದೊಂದಿದೆ. ಪೀಟರ್ ಗ್ರಾಂಟ್, ರೋಸ್‌ಮೇರಿ ಗ್ರಾಂಟ್ ಎಂಬ ಜೀವವಿಜ್ಞಾನಿ ದಂಪತಿ 1973ರಿಂದ ಅಲ್ಲಿನ ಫಿಂಚ್‌ಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆದು ಬಿಡುತ್ತಿದ್ದರು. ವರ್ಷಗಟ್ಟಲೆ ಹೀಗೆ ತಾಳ್ಮೆಯಿಂದ ಅಳೆದದ್ದರಿಂದಲೇ ನಮಗೆ ಈ ವಿಷಯ ಇಷ್ಟು ಸ್ಪಷ್ಟವಾಗಿ ಗೊತ್ತು.

1977ರಲ್ಲಿ ಬರ ಬಂತು. ಇಡೀ ವರ್ಷಕ್ಕೆ ಸುಮಾರು 24 ಮಿ.ಮೀ. ಮಳೆ. ನಮ್ಮಲ್ಲಿ ಆಟಿಯಲ್ಲಿ ಒಂದೇ ದಿನ ಇದಕ್ಕಿಂತ ಜಾಸ್ತಿ ಸುರಿಯುವುದುಂಟು, ಅಲ್ವಾ? ಮೆತ್ತಗಿನ ಸಣ್ಣ ಬೀಜಗಳು ಬೇಗ ಮುಗಿದವು. ಉಳಿದದ್ದು ಗಟ್ಟಿ ಬೀಜ. ಅದರಲ್ಲೂ ನೆಗ್ಗಿಲುಮುಳ್ಳಿನ ಕುಲದ ಒಂದು ಗಿಡದ ಮುಳ್ಳುಕಾಯಿ. ಬುಡದಲ್ಲಿ ದಪ್ಪವಿರುವ ಕೊಕ್ಕು ಅದನ್ನು ಅಡಕತ್ತರಿಯ ಹಾಗೆ ಒತ್ತಿ ಒಡೆಯಬಲ್ಲದು. ಸಪೂರ ಕೊಕ್ಕಿಗೆ ಆ ಬಲ ಇಲ್ಲ.

ಮಧ್ಯಮ ನೆಲದ ಫಿಂಚ್ ಎಂಬ ಜಾತಿಯ ಹಕ್ಕಿಗಳಲ್ಲಿ ನೂರಕ್ಕೆ ಸುಮಾರು 85 ಕಾಣೆಯಾದವು. ಉಳಿದವುಗಳಲ್ಲಿ ದಪ್ಪ ಕೊಕ್ಕಿನವೇ ಜಾಸ್ತಿ. ಕೊಕ್ಕಿನ ಸರಾಸರಿ ದಪ್ಪ ಏರಿದ್ದು ಬರೇ ಅರ್ಧ ಮಿಲಿಮೀಟರಿನಷ್ಟು! ಕೊಕ್ಕಿನ ಗಾತ್ರ ತಂದೆತಾಯಿಯಿಂದ ಮರಿಗೆ ಬರುತ್ತದೆ. ಅದಕ್ಕೇ ಮುಂದಿನ ಮರಿಗಳಿಗೂ ಹಳೆಯ ಸರಾಸರಿಗಿಂತ ದಪ್ಪ ಕೊಕ್ಕು. ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ, ಯಾವುದು ಬದುಕಿತು ಎಂಬುದರಿಂದ ಇಡೀ ಗುಂಪು ಬದಲಾಯಿತು. ನೈಸರ್ಗಿಕ ಆಯ್ಕೆ ಅಂದರೆ ಇದೇ. ಮಗಳಿಗೆ ಇದೊಂದನ್ನು ಮನದಟ್ಟು ಮಾಡಿಸಿ.

ದ್ವೀಪದಿಂದ ದ್ವೀಪಕ್ಕೆ ಸಿಗುವ ಆಹಾರ ಬೇರೆ, ಜೊತೆಗಿರುವ ಹಕ್ಕಿಗಳೂ ಬೇರೆ. ಹಾಗಾಗಿ ಒಂದೇ ಮೂಲದ ಫಿಂಚ್‌ಗಳಲ್ಲಿ ಕಳ್ಳಿಯ ಹೂವಿಗೆ ಹೊಂದುವ ಉದ್ದ ಕೊಕ್ಕೂ ಇದೆ, ಹುಳ ಹೆಕ್ಕುವ ಸಪೂರ ಕೊಕ್ಕೂ ಇದೆ. ನಿಮ್ಮ ಸೂರಕ್ಕಿ, ಗಿಣಿಗಳು ಮಾತ್ರ ಬಹಳ ದೂರದ ಸಂಬಂಧಿಗಳು. ಅವು ಬೇರೆಯಾಗಿ ಕೋಟಿಗಟ್ಟಲೆ ವರ್ಷಗಳಾದವು.

ದಪ್ಪ ಕೊಕ್ಕು ಯಾವಾಗಲೂ ಒಳ್ಳೆಯದಲ್ಲ. 1983ರಲ್ಲಿ ಎಲ್ ನಿನೊದಿಂದ, ಅಂದರೆ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾದ್ದರಿಂದ, ಸುರಿದ ಜೋರು ಮಳೆಯ ನಂತರ ಡಾಫ್ನೆಯಲ್ಲಿ ಸಣ್ಣ ಬೀಜಗಳೇ ತುಂಬಿದವು. ಆಗ ಸಣ್ಣ ಕೊಕ್ಕಿನವು ಹೆಚ್ಚು ಬದುಕಿದವು. 2004ರ ಸುಮಾರಿಗೆ ಮತ್ತೆ ಬರ ಬಂತು. ಅಷ್ಟರಲ್ಲಿ ದೊಡ್ಡ ನೆಲದ ಫಿಂಚ್ ಎಂಬ ಇನ್ನೊಂದು ಜಾತಿ ಅಲ್ಲಿ ಬಂದು ನೆಲೆಸಿತ್ತು. ಗಟ್ಟಿ ಕಾಯಿಗಳನ್ನೆಲ್ಲ ಅದು ತಿಂದು ಮುಗಿಸಿತು. ಈ ಸಲ ಮಧ್ಯಮ ಫಿಂಚ್‌ಗಳಲ್ಲಿ ಸತ್ತದ್ದು ದಪ್ಪ ಕೊಕ್ಕಿನವೇ ಜಾಸ್ತಿ.